ಇಳಿತದ ಕಾಲಂ

ಅಮಾಸೆ ಹುಣ್ಣಿಮೆಗೆ ಎರಡು ದಿನ ಮೊದಲು
ತದಡಿ ಧಕ್ಕೆಯ ಕಂಬಕ್ಕೆ ನಾನೊಂದು ಹಾಳೆ ಅಂಟಿಸುತ್ತೇನೆ:
ಭರತದ ಹೊತ್ತು ಕಪ್ಪಿನಲ್ಲಿ, ಇಳಿತದ ಹೊತ್ತು ಕೆಂಪಿನಲ್ಲಿ.
ಯಾರೂ ಕೇಳಿದ್ದಲ್ಲ.
ಇಪ್ಪತ್ತೆಂಟು ವರ್ಷ ಬಾರ್ಜಿನಲ್ಲಿ ಟಿಕೆಟು ಹರಿದವನಿಗೆ
ಜನರ ಕೈಗೆ ಏನಾದರೊಂದು ಕಾಗದ ಕೊಡುವ ಚಟ.

ಈ ಸಲ ಪ್ರಿಂಟರು ಹಾಳೆ ನುಂಗಿತು,
ಸಭೆಯಲ್ಲಿ ಎದ್ದು ನಿಂತವನಂತೆ ಗಂಟಲು ಸರಿಮಾಡಿಕೊಂಡಿತು,
ಕೊನೆಗೆ ಬಿಳೀ ಹಾಳೆಯನ್ನೇ ಹೊರಗೆ ಚಾಚಿತು.
ತಿರುವಿ ನೋಡಿದೆ. ಆ ಬದಿಯೂ ಬಿಳಿ.

ವಯರು ಕಿತ್ತು ಮತ್ತೆ ಸಿಕ್ಕಿಸಿದೆ.
ಆರಿಸಿ, ನೂರು ಎಣಿಸಿ, ಸ್ವಿಚ್ಚು ಒತ್ತಿದೆ.
ಸಾಲಿನಲ್ಲಿ ನಿಂತ ಕೆಲಸಗಳನ್ನು ರದ್ದು ಮಾಡೆಂದೆ;
'ರದ್ದಾಗುತ್ತಿದೆ' ಎಂದಿತು,
ಊಟ ಮುಗಿಸಿ ಬಂದರೂ ಹಾಗೇ ಎನ್ನುತ್ತಿತ್ತು.
ಹಿಂದಿನ ಮುಚ್ಚಳ ತೆಗೆದರೆ ಹಲ್ಲಿಮೊಟ್ಟೆಯ ಚಿಪ್ಪು,
ನಾಲ್ಕು ಇರುವೆ, ಹೋದ ವರ್ಷದ ಲೈಟುಬಿಲ್ಲಿನ ಮೂಲೆ.
ಎಲ್ಲ ತೆಗೆದು ಮುಚ್ಚಿದೆ.
ಬಿಳಿ.

ಹೆಡ್ ಕ್ಲೀನಿಂಗ್ ಒಂದು ಸಲ. ಎರಡು ಸಲ.
ಮೂರನೆಯದಕ್ಕೆ ಪರದೆಯ ಮೇಲಿನ ಶಾಯಿ
ಮೊಣಕಾಲಿನಿಂದ ಪಾದಕ್ಕಿಳಿಯಿತು.
ಬಾಯಿ ಮುಕ್ಕಳಿಸುವುದಕ್ಕೇ ಮನೆಯ ನೀರೆಲ್ಲ ಖರ್ಚು.
ಕುಮಟೆಯ ಅಂಗಡಿಯ ಹುಡುಗ ಫೋನಿನಲ್ಲಿ ಹೇಳಿದ:
'ಉಪ್ಪುಗಾಳಿ ಸರ್. ದಿನಾ ಒಂದಾದ್ರೂ ಪೇಜು ತೆಗೀಬೇಕು.
ಈಗ ರಿಪೇರಿಗಿಂತ ಹೊಸದೇ ಅಗ್ಗ.'
ನನಗೆ ಅರವತ್ತೊಂಬತ್ತು. ಆ ಮಾತು ಸೇರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಬುದವಂತಿ, ತಲೆಯ ಮೇಲೆ ಬುಟ್ಟಿ,
ಸೊಂಟದವರೆಗೆ ಕೆಸರೊಣಗಿದ ಸೀರೆ.
'ಬಳಚು ಬೇಕಾ ಟಿಕೀಟಿನವ್ರೆ?
ಎಂತ ಮಾಡ್ತ್ರಿ ಅದ್ಕೆ, ಸೂಜಿ ಹಿಡ್ಕಂಡು?'
ಕಾರ್ಟ್ರಿಜ್ಜಿನ ಬಾಯಲ್ಲಿ ಶಾಯಿ ಒಣಗಿ ಕಟ್ಟಿದೆ ಎಂದೆ.
'ಕಟ್ಟಿದ ಬಾಯಿಗೆ ತಿವಿದ್ರೆ ಇನ್ನೂ ಬಿಗೀತದ್ರಾ.
ಬಳಚಿಗೆ ಎಂತ ಮಾಡ್ತ್ರಿ? ನೀರಲ್ಲಿ ಹಾಕಿ ಮನ್ಗುದು.
ಬೆಳಗಾಗೂದ್ರೊಳ್ಗೆ ತನ್ನಷ್ಟಕ್ಕೆ ಹೊಯ್ಗೆ ಉಗೀತದೆ.'

ಆ ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ
ಪಾತ್ರೆಯಲ್ಲಿ ಅರ್ಧ ಸೇರು ಬಳಚು, ಉಪ್ಪುನೀರಲ್ಲಿ;
ಪಕ್ಕದ ಬಸಿಯಲ್ಲಿ ಉಗುರುಬೆಚ್ಚಗಿನ ಒದ್ದೆಬಟ್ಟೆ, ಅದರ ಮೇಲೆ
ಎರಡು ಕಾರ್ಟ್ರಿಜ್ಜು, ಬಾಯಿ ಕೆಳಗೆ.
ನಡುರಾತ್ರಿ ಎದ್ದೆ. ಬಳಚುಗಳು ಸಣ್ಣಗೆ ಟಿಕ್ ಎನ್ನುತ್ತಿದ್ದವು.
ಬಟ್ಟೆಯ ಮೇಲೆ ಒಂದು ನೀಲಿ ಹರಡಿ, ಹಳದಿಯನ್ನು ಮುಟ್ಟಿ,
ಹಸಿರಾಗುತ್ತಿತ್ತು, ಯಾವ ಅವಸರವೂ ಇಲ್ಲದೆ.
ಕಪ್ಪು ಗಟ್ಟಿ ಆಸಾಮಿ. ಬೆಳಗಿನ ಜಾವಕ್ಕೆ ಬಾಯಿ ಬಿಟ್ಟ.

ಹಾಕಿ ಮುಚ್ಚಿದ್ದೇ ತಡ,
ನಿನ್ನೆಯಿಂದ ರದ್ದಾಗುತ್ತಲೇ ಇದ್ದವೆಲ್ಲ ಒಟ್ಟಿಗೆ ಹೊರಟವು,
ಒಂಬತ್ತು ಹಾಳೆ,
ಬಾರ್ಜು ದಡ ಮುಟ್ಟುವ ಮೊದಲೇ ಜಿಗಿಯುವ ಜನರ ಹಾಗೆ.
ಭರತ ಕಪ್ಪಗೆ, ಸ್ಪಷ್ಟ.
ಇಳಿತದ ಕಾಲಂ ನೋಡಿದೆ: ಗುಲಾಬಿ ಮಾತ್ರ ಇನ್ನೂ ತೆರೆದಿಲ್ಲ.
ಕೆಂಪಿನ ಜಾಗದಲ್ಲಿ ಬರಿ ಹಳದಿ, ಬಿಸಿಲಿಗೆ ಹಿಡಿದರೆ ಕಾಣದ್ದು.
ಬರುವ ನೀರಿಗೆ ಹೊತ್ತುಂಟು, ಹೋಗುವ ನೀರಿಗೆ ಇಲ್ಲ.

ಪೆನ್ನು ಹುಡುಕಿ ಜಗುಲಿಯಲ್ಲಿ ಕೂತೆ.
ನಿನ್ನೆಯ ದುಡ್ಡಿಗೆ ಬಂದ ಬುದವಂತಿ ಬಗ್ಗಿ ನೋಡಿದಳು.
'ಕೈಯ್ಯಲ್ಲೇ ಬರೀತ್ರಿ ಹೌದಾದ್ರೆ ಅರ್ಧ ತಾಸು ಕೂಡ್ಸಿ ಬರೀರಿ.'
ಯಾಕೆ?
'ನಿಮ್ಮ ಕಾಗ್ದ ಕಾರವಾರ ಬಂದರದ್ದಲ್ದಾ. ಅಲ್ಲಿ ಇಳ್ದ ನೀರು
ನಮ್ಮ ಗಜನಿ ಬದಿಗೆ ಇಳೀಲಿಕ್ಕೆ ಅಷ್ಟು ಹೊತ್ತು ಬೇಕು.
ನಾವು ಕೂಡ್ಸ್ಕಂಡೇ ಓದೂದು.'
ಎಷ್ಟು ದಿನದಿಂದ?
'ನೀವು ಅಂಟ್ಸೂಕೆ ಹಿಡ್ದಾಗಿಂದ.'
ಮೂರು ವರ್ಷ. ಎಪ್ಪತ್ತು ಚಿಲ್ಲರೆ ಹಾಳೆ.
ಕಂಬದೆದುರು ಒಬ್ಬಳೂ ತಪ್ಪು ಎಂದಿರಲಿಲ್ಲ.

ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ:
ಬುಧವಾರ, ಆರೂ ಹತ್ತು.
ಗುರುವಾರ, ಏಳಕ್ಕೆ ಐದು ಕಮ್ಮಿ.
ಶುಕ್ರವಾರಕ್ಕೆ ಬರುವಾಗ ಪೆನ್ನು ಕೈಕೊಟ್ಟಿತು.
ಕೊಡವಿದೆ. ಊದಿದೆ. ಅಂಗೈಗೆ ಗೀಚಿದೆ.
ಬುದವಂತಿ ಏನೂ ಹೇಳದೆ
ನೀರಿನ ಚೊಂಬು ನನ್ನ ಕಡೆ ನೂಕಿದಳು.