ದಾರಿ ಕೇಳಿದವರಿಗೆ

ಕಲ್ಲಂಗಡಿ ಹೋಳಿನಂಥ ಟೋಪಿ ತೊಟ್ಟ ನೀವು ಮೂವರು
ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ
ಕೆರೆಗಳ ಮೇಲೆ ಹಾದುಹೋಗುವ ದಾರಿ ಕೇಳಿದಿರಿ.
ಫೋನು ತೋರಿಸುವುದು ಲಾರಿಗಳ ರಸ್ತೆ.
ನನ್ನದು ಬೇರೆ:
ಇಪ್ಪತ್ತಾರು ವರ್ಷ ಲಸಿಕೆ ಡಬ್ಬಿ ಹಿಂದೆ ಕಟ್ಟಿ ತುಳಿದದ್ದು,
ಐಸು ಕರಗುವುದರೊಳಗೆ ಮುಟ್ಟಲೇಬೇಕಾದ ದಾರಿ.

ಬರೆದುಕೊಳ್ಳಿ. ಬೆಳಿಗ್ಗೆಯೇ ಹೊರಡಿ,
ಬಿಸಿಲು ಬೆನ್ನಿಗಿರಲಿ.
ಮೆಕ್ಕೆಜೋಳದ ಹೊಲ ಮುಗಿದು
ಶುಂಠಿಯ ವಾಸನೆ ಶುರುವಾದಲ್ಲಿ ಮಣ್ಣುದಾರಿ ಹಿಡಿಯಿರಿ.
ಬೋರ್ಡಿಲ್ಲ. ಒಂದು ನಾಯಿ ಇರುತ್ತದೆ.
ನನ್ನ ಕಾಲದ ನಾಯಿಯ ಮರಿಮೊಮ್ಮಗ ಇರಬೇಕು,
ಅದೇ ಕಪ್ಪು ಕಿವಿ, ಅದೇ ಹುಸಿಕೋಪ.
ಇಳಿದು ನಡೆದರೆ ಸುಮ್ಮನಾಗುತ್ತದೆ.

ಏರಿಯ ಮೇಲೆ ಮಾತ್ರ ಜೋರು ಬೇಡ.
ಎದುರಿಗೆ ಎಮ್ಮೆ ಬಂದರೆ ಏರಿ ಎಮ್ಮೆಯದು.
ತೂಬಿನ ಕಲ್ಲಿನ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ನಿಂತಿರುತ್ತದೆ,
ಒದ್ದೆ ಕೊಡೆ ಒಣಗಿಸುವವರ ಹಾಗೆ.
ಫೋಟೋ ತೆಗೆಯಿರಿ, ಹೊತ್ತಿದೆ.
ನನಗಿರಲಿಲ್ಲ.

ಬಳ್ಳಿಗಾವೆಯಲ್ಲಿ ಕಂಬದ ಮೇಲೆ
ಎರಡು ತಲೆಯ ಹಕ್ಕಿ.
ಅದರ ಕಟ್ಟೆಯೇ ನನ್ನ ಆಸ್ಪತ್ರೆ ಭಾನುವಾರ.
ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕತ್ತೆತ್ತಿ ಕೇಳಿದಳು:
"ಅದಕ್ಕೆ ಯಾವ ಬಾಯಿಗೆ ಹನಿ ಹಾಕ್ತೀರಿ, ನರ್ಸಮ್ಮ?"
ರಿಜಿಸ್ಟರು ನೋಡುವವಳಂತೆ ನಟಿಸಿದೆ.
ಇವತ್ತಿಗೂ ಉತ್ತರ ಹೊಳೆದಿಲ್ಲ.

ಕೇದಾರೇಶ್ವರನ ಹುಲ್ಲಿಗೆ ಬಿಟ್ಟ ಪೈಪಿನಲ್ಲಿ
ಬಾಟಲಿ ತುಂಬಿಸಿಕೊಳ್ಳಿ.
ಕಾವಲಿನ ಗುಡ್ಡಪ್ಪ ಗದರಿದರೆ
ನಾಗರತ್ನಮ್ಮ ಕಳಿಸಿದರು ಅನ್ನಿ.
ಅವನ ಎಡತೋಳಿನ ಗುಳಿ ನನ್ನ ಕೈಬರಹ.

ತಾಳಗುಂದದ ಹತ್ತಿರ ಕಾರೆಮುಳ್ಳು ಜಾಸ್ತಿ.
ಅಲ್ಲೇ ಒಂದು ಏಪ್ರಿಲ್ ನನ್ನ ಹಿಂದಿನ ಗಾಲಿ ಕೂತದ್ದು.
ಡಬ್ಬಿಯಲ್ಲಿ ದಡಾರದ ಸೀಸೆಗಳು,
ತಲೆಯ ಮೇಲೆ ಹನ್ನೆರಡು ಗಂಟೆ.
ಕೆರೆಯಲ್ಲಿ ಬಲೆ ಬಿಡಿಸುತ್ತಿದ್ದ ಬಾರ್ಕೇರ ನಿಂಗಜ್ಜ
ಮಾತಾಡದೆ ಬಂದ, ಟ್ಯೂಬು ಎಳೆದ,
ಗಾಳಿ ತುಂಬಿ ನೀರಿಗೆ ಅದ್ದಿದ.
ಸುತ್ತಲೂ ಸರಿಸುತ್ತ ಹೋದ, ಎಲ್ಲೂ ಇಲ್ಲ, ಎಲ್ಲೂ ಇಲ್ಲ,
ಆಮೇಲೆ ಸಾಸಿವೆಯಂಥ ಗುಳ್ಳೆಗಳ ಒಂದು ಸಾಲು.
"ಸಿಕ್ತು ನೋಡವ್ವ. ನೀರಿಗೆ ಸುಳ್ಳು ಹೇಳಾಕ ಬರಂಗಿಲ್ಲ."

ಆಮೇಲೆ ಡಬ್ಬಿಯ ಮುಚ್ಚಳ ಎತ್ತಿ ನೋಡಿ,
ತನ್ನ ಮೀನಿನ ಪೆಟ್ಟಿಗೆಯ ಐಸು ಒಡೆದು
ನನ್ನ ಸೀಸೆಗಳ ಸುತ್ತ ಜೋಡಿಸಿದ.
ಆ ದಿನ ಹನ್ನೊಂದು ಮಕ್ಕಳಿಗೆ
ಮೀನಿನ ವಾಸನೆಯ ಚುಚ್ಚುಮದ್ದು.
ಬೆಕ್ಕೊಂದು ಕೊನೆಯವರೆಗೂ ಸಾಲಿನಲ್ಲಿ ಕೂತಿತ್ತು.
ರಿಜಿಸ್ಟರಿನಲ್ಲಿ ಇದ್ಯಾವುದೂ ಇಲ್ಲ.

ಅಲ್ಲಿಯ ಕಲ್ಲುಕಂಬದಲ್ಲಿ ರಾಜರ ವಂಶವೇ ಇದೆಯಂತೆ.
ಓದಬಲ್ಲ ಮೇಷ್ಟ್ರೊಬ್ಬರು ಹೇಳಿದರು:
ಅಷ್ಟು ಹೊಗಳಿಕೆ, ಅಷ್ಟು ಯುದ್ಧ,
ಎಲ್ಲ ಸುತ್ತಿ ಬಂದು ನಿಲ್ಲುವುದು
ಒಂದು ಕೆರೆ ಕಟ್ಟಿಸಿದ ಸುದ್ದಿಗೆ.
ನನಗೆ ಆಶ್ಚರ್ಯ ಆಗಲಿಲ್ಲ.
ಇಲ್ಲಿ ಏನು ಹೇಳಹೊರಟರೂ ಕೆರೆಗೇ ಬಂದು ನಿಲ್ಲಬೇಕು.
ಮಣ್ಣು ಹೊತ್ತವರ ಹೆಸರು ಹುಡುಕಿದಿರಾ ಅಂತ ಕೇಳಿದೆ.
ಕನ್ನಡಕ ಒರೆಸಿಕೊಂಡರು.

ಬಂದಳಿಕೆಗೆ ಹೋಗುವಿರಾದರೆ
ಕತ್ತಲಾಗುವ ಮುನ್ನ ಹೊರಗೆ ಬನ್ನಿ.
ದೆವ್ವ ಅಲ್ಲ, ಕರಡಿ.
ಬಾಗಿಲಿಲ್ಲದ ಗುಡಿಗಳಲ್ಲಿ ತಂಪು ಬಹಳ,
ಕೂತರೆ ಏಳುವ ಮನಸ್ಸಾಗುವುದಿಲ್ಲ.
ನಾನೊಮ್ಮೆ ಅಲ್ಲಿ ನಿದ್ದೆ ಹೋಗಿದ್ದೆ, ಯೂನಿಫಾರಂನಲ್ಲೇ.
ಇಲಾಖೆಗೆ ಹೇಳಬೇಡಿ.

ಅಷ್ಟೇ ದಾರಿ. ನಾನು ಬರುತ್ತಿದ್ದೆ,
ಬಲ ಮೊಣಕಾಲು ಒಪ್ಪುತ್ತಿಲ್ಲ.
ಟೀ ದುಡ್ಡು ಕೊಟ್ಟಾಗಿದೆ.
ಒಂದೇ ಕೆಲಸ ಮಾಡಿ:
ತಾಳಗುಂದದ ಕೋಡಿ ದಾಟುವಾಗ
ಎರಡು ಸಲ ಬೆಲ್ ಹೊಡೆಯಿರಿ, ಸಣ್ಣದೊಮ್ಮೆ, ಉದ್ದವೊಮ್ಮೆ.
ಆ ಸದ್ದಿಗೆ ಮಕ್ಕಳೆಲ್ಲ ಕಣಜದ ಹಿಂದೆ ಅಡಗುತ್ತಿದ್ದವು.
ಈಗ ಗದ್ದೆಯಲ್ಲಿ ಬಗ್ಗಿದ,
ಮೀಸೆ ನರೆಯುತ್ತಿರುವ ಯಾರಾದರೂ
ಯಾಕೆಂದು ತಿಳಿಯದೆ
ಎಡತೋಳು ಮುಟ್ಟಿಕೊಂಡಾರು.