ರೈತನಿಗೆ ಹೇಳಬೇಡಿ

ನಿನ್ನೆಯ ಬ್ರೆಡ್ಡೇ ಆಗಬೇಕು. ಇವತ್ತಿನದು
ಇನ್ನೂ ಎಳಸು, ಚಾಕು ಕಂಡರೆ ಮುದುಡುತ್ತದೆ
ಅನ್ನುತ್ತಾಳೆ ಎರ್ಸೀಲಿಯಾ, ಎಪ್ಪತ್ತೊಂದರ ಮದುವಣಗಿತ್ತಿ,
ಬೂದು ರೇಷ್ಮೆಯ ಮೇಲೆ ಏಪ್ರನ್ ಬಿಗಿದುಕೊಂಡು.

ಚರ್ಚಿಗೆ ಇನ್ನೂ ಎರಡು ತಾಸು.
ಸಂಘದ ಕಟ್ಟಡದ ಹಿಂದಣ ಅಡುಗೆಮನೆ,
ಕಿಟಕಿಯಾಚೆ ಗೋಧಿ ಕೊಯ್ದ ಬೋಳು ಗುಡ್ಡ.
ಅವಳ ಸೊಸೆ ಮೊರೇನಾ, ಪಕ್ಕದ ಮನೆಯ ಇಬ್ಬರು, ನಾನು
ಹೇಳಿದಷ್ಟೇ ದಪ್ಪಕ್ಕೆ ಕೊಯ್ಯುತ್ತಿದ್ದೇವೆ: ಕಿರುಬೆರಳಿನಗಲ.
'ಯಾರ ಕಿರುಬೆರಳು?' ಎಂದು ಕೇಳಿ
ಬೈಸಿಕೊಂಡವಳು ನಾನೇ.

ತೊಸ್ಕಾನದ ಈ ಸೀಮೆಯಲ್ಲಿ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ.
ಯಾವುದೋ ಕಾಲದ ಸುಂಕಕ್ಕೆ ಸಿಟ್ಟಾಗಿ ಬಿಟ್ಟರಂತೆ.
ಸುಂಕ ಹೋಯಿತು, ಸಿಟ್ಟು ಉಳಿಯಿತು.
ಉಪ್ಪು ಬರಬೇಕಾದ್ದು ಚೀಸಿನಿಂದ:
ಕುರಿಹಾಲಿನದು, ಆರು ತಿಂಗಳು
ನೆಲಮಾಳಿಗೆಯ ಹಲಗೆಯ ಮೇಲೆ ಮಗ್ಗುಲು ಬದಲಿಸುತ್ತ ಮಲಗಿದ್ದು.
ಮೂಸಿದರೆ ಒದ್ದೆ ಉಣ್ಣೆ, ಒಣಹುಲ್ಲು, ಒಂಚೂರು ಕೋಪ.

ಇಲ್ಲೊಂದು ಗಾದೆಯಿದೆ: ರೈತನಿಗೆ ಹೇಳಬೇಡಿ,
ಚೀಸಿನ ಜೊತೆ ಮರಸೇಬು ಎಷ್ಟು ರುಚಿಯೆಂದು.
ಕಟ್ಟಿದವನು ರೈತನಂತೂ ಅಲ್ಲ.

ಹದಿನಾಲ್ಕಕ್ಕೆ ಅವಳು ಧಣಿಯ ಬಂಗಲೆ ಸೇರಿದಳು.
ಅಪ್ಪ ಅದೇ ಧಣಿಯ ನೆಲ ಪಾಲಿಗೆ ಮಾಡುತ್ತಿದ್ದ.
ಅರ್ಧ ಗೋಧಿ, ಅರ್ಧ ಎಣ್ಣೆ, ಅರ್ಧ ಮರಸೇಬು,
ಹಂದಿಯನ್ನೂ ಬೆನ್ನಮೂಳೆಗೆ ಸರಿಯಾಗಿ ಸೀಳಿ ಅರ್ಧ.
ಧಣಿಯ ಮಗಳ ನಿಶ್ಚಿತಾರ್ಥಕ್ಕೆ ಮುನ್ನೂರು ಕ್ರೋಸ್ತೀನಿ.
ಪಾರುಪತ್ಯಗಾರ ಬಾಲ್ದೀನೊ
ತಟ್ಟೆ ಒಳಗೆ ಹೋಗುವಾಗ ಎಣಿಸಿದ,
ಹೊರಗೆ ಬಂದಾಗ ಚೂರನ್ನೂ ಎಣಿಸಿದ.
ಆದರೂ ಒಂದು ಅವಳ ಏಪ್ರನ್ನಿನ ಜೇಬಿಗೆ ಬಿತ್ತು.
ಬಿತ್ತು, ಅಷ್ಟೇ. ಇವತ್ತಿಗೂ ಅದೇ ಕ್ರಿಯಾಪದ.

ಮೂರು ಮೈಲಿ ನಡೆದು ಮನೆ ಮುಟ್ಟುವಷ್ಟರಲ್ಲಿ
ಟೋಸ್ಟು ಮೆತ್ತಗೆ, ಹಣ್ಣು ಕಂದು,
ಜೇನಿಗೆ ಜೇಬಿನ ನೂಲು.
ಆರು ಜನಕ್ಕೆ ಆರು ಚೂರು.
ಅಪ್ಪ ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದ.
ಈಗ ಅಳುತ್ತಾನೆ, ಇಲ್ಲ ಹೊಡೆಯುತ್ತಾನೆ ಅಂದುಕೊಂಡಳು.
'ಅವಸರಕ್ಕೆ ಕಿತ್ತಿದ್ದಾರೆ' ಅಂದ ಅಪ್ಪ,
'ನಾಲ್ಕು ದಿನ ಮರದಲ್ಲಿರಬೇಕಿತ್ತು. ಚೀಸು ಪರವಾಗಿಲ್ಲ.'

ಆಮೇಲೆ ಮಡಚುಚೂರಿ ತೆಗೆದು ಮೇಜಿನ ಮೇಲಿಟ್ಟ.
ಮರದಡಿ ತಾನಾಗಿ ಬಿದ್ದ ಹಣ್ಣು, ಬುತ್ತಿಯ ಚೀಸಿನ ಅಂಚು,
ನಡುಮಧ್ಯಾಹ್ನ, ನೆರಳು.
ಇಪ್ಪತ್ತು ವರ್ಷದಿಂದ ದಿನಾ.
'ಧಣಿಗೆ ಮಾತ್ರ ಹೇಳಬೇಡ' ಅಂದ,
'ಅರ್ಧ ಕೇಳುತ್ತಾನೆ.'

ಮರಸೇಬು ನಿಂಬೆನೀರಿನಲ್ಲಿ ತೇಲುತ್ತಿದೆ.
ಹಾಳೆಯಷ್ಟು ತೆಳ್ಳಗೆ, ಹಿಡಿದರೆ ಕಿಟಕಿ ಕಾಣಬೇಕು.
ಅಕ್ರೋಟು ಕೈಯಲ್ಲೇ ಮುರಿ, ಚಾಕು ಬೇಡ.
ಮೆಣಸು ಚಿಟಿಕೆ, ಜೇನು ಒಂದೇ ಎಳೆ.
ಜನ ಮೆಟ್ಟಿಲು ಹತ್ತುವ ಸದ್ದಾದ ಮೇಲೆ ಒಲೆಗೆ,
ಮೊದಲು ಇಟ್ಟರೆ ನಿನ್ನ ಮದುವೆಗೂ ನಾನು ಬರುವುದಿಲ್ಲ.

ಹಿಂಬಾಗಿಲಲ್ಲಿ ನಝರೇನೊ, ಮದುಮಗ,
ಸೂಟು ತೊಟ್ಟು, ಬಕೆಟ್ಟಿನಲ್ಲಿ ಇನ್ನಷ್ಟು ಮರಸೇಬು ಹಿಡಿದು.
ಹೆಬ್ಬೆರಳಿಂದ ತೊಟ್ಟಿನ ಬುಡ ಒತ್ತಿ ನೋಡಿದಳು.
'ನಾಲ್ಕು ದಿನ ಹೆಚ್ಚಿಗೆ ಬಿಟ್ಟೆ' ಅಂದ ಅವನು.
ಅವಳು ಏನೂ ಹೇಳಲಿಲ್ಲ. ಏಪ್ರನ್ ಬಿಚ್ಚಿದಳು.

ಮೊದಲ ಗಂಡ ಸತ್ತು ಹದಿನೆಂಟು ವರ್ಷ.
ಒಳ್ಳೆಯವನು. ಚೀಸು ಮುಟ್ಟುತ್ತಿರಲಿಲ್ಲ.

ಚರ್ಚಿನಲ್ಲಿ ಉಂಗುರ ಗೆಣ್ಣಿಗೆ ಬಂದು ನಿಂತುಬಿಟ್ಟಿತು.
ಪಾದ್ರಿ ಕೆಮ್ಮಿದ. ನಝರೇನೊ ತಳ್ಳಿದ, ತಿರುಗಿಸಿದ.
ಮೊರೇನಾ ನನ್ನ ಮೊಣಕೈ ತಿವಿದಳು: ಜೇನು.
ಎರ್ಸೀಲಿಯಾ ಬೆರಳನ್ನು ಬಾಯಿಗಿಟ್ಟು ನೆಕ್ಕಿ,
ಒಂದು ಕ್ಷಣ ಯೋಚಿಸಿ,
ಮೆಣಸು ಸಾಲದು ಎಂದು ನಮ್ಮ ಸಾಲಿನತ್ತ ಕಣ್ಣಲ್ಲೇ ಹೇಳಿ,
ಮತ್ತೆ ಕೈ ಚಾಚಿದಳು.