ನಾರು ಬಲಿತ ಅರ್ಧ

ಅಶ್ವಿನಿ ಮಳೆ ಈ ಸಲ ಮಾತು ತಪ್ಪಲಿಲ್ಲ.
ಜಗಳೂರಿನಿಂದ ತಂದ ಸೆಣಬಿನ ಬೀಜ
ಎರಡೆಕರೆಗೂ ಒಂದೇ ದಿನ ಚೆಲ್ಲಿದೆ,
ಬಲಗೈ ಸೋತಾಗ ಎಡಗೈಲಿ.
ಐದನೇ ಬೆಳಗ್ಗೆ ಹೊಲ ತೆಳ್ಳಗೆ ಹಸಿರು ಬೆವರಿತ್ತು.

ಮೊಗ್ಗು ಕಾಣುವ ಹೊತ್ತಿಗೆ ಕೊಟ್ರೇಶಿ ರೋಟವೇಟರ್ ತಂದು
ಹಳ್ಳದ ಕಡೆಯ ಅರ್ಧ ಮಗುಚಿದ.
ಎಳೆ ದಂಟು, ಸೌತೆಯ ಹಾಗೆ ಮುರಿಯುತ್ತಿತ್ತು.
ಈಚೆ ತಿರುಗುವಾಗ ಅತ್ತೆ ಪಾಲವ್ವ
ಬದುವಿನ ಮೇಲೆ ಬಂದು ನಿಂತಳು:
"ಇದನ್ನ ಬಿಡು. ನಾರು ಬಲೀಲಿ.
ಕರಕ್ಕೆ ಹಗ್ಗ ಬೇಕು. ಪೇಟೆ ಪ್ಲಾಸ್ಟಿಕ್ಕು ಕೊರಳು ಕೊಯ್ಯುತ್ತೆ."

ಬಿಟ್ಟೆ. ಅತ್ತೆ ಕೇಳಿದಳೆಂದು ಬಿಟ್ಟೆ,
ಹೂವಾದೀತು ಅಂತಲೂ ಬಿಟ್ಟೆ, ಸುಳ್ಳು ಯಾಕೆ.
ಮೃಗಶಿರದ ಮೋಡದ ಕೆಳಗೆ ಅಷ್ಟೊಂದು ಹಳದಿ
ನನ್ನ ಮದುವೆಯ ಅರಿಸಿನದಲ್ಲೂ ಕಂಡಿರಲಿಲ್ಲ.
ಜೇನು ಬಂದವು. ರಸ್ತೆಯ ಬಸ್ಸು
ನಮ್ಮ ಹೊಲದ ಹತ್ತಿರ ಗೇರು ಇಳಿಸಿದಂತೆ ಕೇಳಿಸಿತು.

ಅತ್ತೆ ಕೊಯ್ದದ್ದು ಎರಡೇ ಹೊರೆ.
ಮಿಕ್ಕಿದ್ದನ್ನು ಕೊಟ್ರೇಶಿ ಬೈದುಕೊಂಡು ಹೊಡೆದ.
ಕಟ್ಟಿಗೆಯಾದ ದಂಟು ಬ್ಲೇಡಿಗೆ ಸುತ್ತಿ ಸುತ್ತಿ
ಮೂರು ಸಲ ಇಳಿದು ಕುಡುಗೋಲಿನಿಂದ ಬಿಡಿಸಿದ.

ಆರಿದ್ರೆಗೆ ಮೆಕ್ಕೆಜೋಳ.
ಅದೇ ಚೀಲದ ಬೀಜ, ಅದೇ ಕೂರಿಗೆ, ಅದೇ ದಿನ.

ನಾಲ್ಕನೇ ವಾರ
ಹೂವಿನ ಹಳದಿ ಎಲೆಗೆ ಬಂತು.
ಹಳ್ಳದ ಕಡೆ ಕಡುಹಸಿರು, ಮೊಣಕಾಲು ಮುಟ್ಟುವಷ್ಟು.
ಈ ಕಡೆ ಗೇಣುದ್ದ,
ಕೆಳಗಿನ ಎಲೆಯ ತುದಿಯಿಂದ ನಡುದಿಂಡಿನ ಗುಂಟ
ಈಟಿಯ ಮೊನೆಯಂತೆ ಇಳಿಯುವ ಹಳದಿ.

ಒಂದು ಗಿಡ ಕಿತ್ತು ನೋಡಿದೆ.
ಬೇರಿನ ಸುತ್ತ ಸೆಣಬಿನ ಚಕ್ಕೆ,
ಚಕ್ಕೆಯ ಸುತ್ತ ಬೂಷ್ಟಿನ ಬಿಳಿ ನೂಲು.
ಮಣ್ಣು ಸುಮ್ಮನೆ ಕೂತಿರಲಿಲ್ಲ. ಜಗಿಯುತ್ತಿತ್ತು.

ನಮ್ಮ ಮನೆಯಲ್ಲಿ ಬಡಿಸಿದವಳು ಕೊನೆಗೆ ಉಣ್ಣುತ್ತಾಳೆ.
ಮಣ್ಣು ಹಾಗಲ್ಲ.
ತನ್ನ ಹಸಿವು ಮೊದಲು.
ಎಳೆಯದು ಕೊಟ್ಟರೆ ತಾನೂ ತಿಂದು ಪೈರಿಗೂ ಇಟ್ಟೀತು;
ನಾರು ಕೊಟ್ಟರೆ, ಅದನ್ನು ಅರಗಿಸುವುದಕ್ಕೆ
ಪೈರಿನ ತಟ್ಟೆಗೂ ಕೈ ಹಾಕುತ್ತೆ.
ನನಗೆ ಸಿಟ್ಟು ಬಂತು.
ಸ್ವಲ್ಪ ಹೊಟ್ಟೆಕಿಚ್ಚೂ.

ಅತ್ತೆ ಮಲಗಿದ ಮಧ್ಯಾಹ್ನ
ಸಾಲಿಗೆ ಸಾಲು ಒಂದು ಚೀಲ ಯೂರಿಯಾ ಹಾಕಿದೆ.
ಸಂಜೆ ಅವಳು ತಲೆ ಎತ್ತದೆ ಅಂದಳು:
"ಖಾಲಿ ಚೀಲ ಎಸೀಬೇಡ, ಮಳೆಗೆ ಕೊಪ್ಪೆ ಆಗುತ್ತೆ."

ಮಳೆ ಮಾತ್ರ ಪುಷ್ಯದಲ್ಲಿ ಹದಿಮೂರು ದಿನ ಕಾಣಲಿಲ್ಲ.
ಹಳ್ಳದ ಕಡೆಯ ಸೊಕ್ಕಿನ ಜೋಳ
ಹನ್ನೊಂದು ಗಂಟೆಗೇ ಎಲೆ ಸುತ್ತಿಕೊಂಡಿತು.
ಈ ಕಡೆಯದು ಒಂದರವರೆಗೆ ತಡೆಯಿತು.
ಬೆರಳು ತೂರಿಸಿದರೆ, ಅರೆಬೆಂದ ಚಕ್ಕೆಗಳ ನಡುವೆ
ತಣ್ಣಗೆ, ಹಸುವಿನ ಮೂಗಿನ ಹಾಗೆ.

ಅಷ್ಟಕ್ಕೇ ಲೆಕ್ಕ ಸರಿಹೋಗಲಿಲ್ಲ.
ಅಲ್ಲಿ ಇಪ್ಪತ್ತೆರಡು ಚೀಲ, ಇಲ್ಲಿ ಹದಿನೇಳು.
ದಾವಣಗೆರೆ ಮಂಡಿಯಲ್ಲಿ ಎರಡನ್ನೂ ಒಂದೇ ರಾಶಿ ಸುರಿದರು,
ಯಾವ ಕಾಳು ಹಸಿದು ಬೆಳೆದದ್ದೆಂದು
ಯಾರೂ ಕೇಳಲಿಲ್ಲ.

ಈಗ ಕಡಲೆ ಹಾಕಿದ್ದೇವೆ.
ಅರ್ಧದ ಗೆರೆ ಎಲ್ಲಿತ್ತೋ, ಕಣ್ಣಿಗೆ ಸಿಗುವುದಿಲ್ಲ.
ಕಾಲಿಗೆ ಗೊತ್ತು:
ಈಚೆ ಬಂದರೆ ಹೆಜ್ಜೆ ಒಂದು ಕೂದಲು ಹೆಚ್ಚು ಇಳಿಯುತ್ತೆ.
ನಾರು ಕೊನೆಗೂ ಬಾಯಿ ಬಿಟ್ಟಿರಬೇಕು,
ತಿಂದದ್ದನ್ನು ಮಣ್ಣು
ಸದ್ದಿಲ್ಲದೆ ಹಿಂದಿಡುತ್ತಿರಬೇಕು.

ಹಗ್ಗ ಗಟ್ಟಿಯಾಗಿದೆ. ಕರ ಎಷ್ಟು ಜಗ್ಗಿದರೂ
ಕೊರಳಲ್ಲಿ ಗಾಯವಿಲ್ಲ.

"ಬರೋ ವರ್ಷ?" ಅಂದಳು ಅತ್ತೆ,
ತೊಡೆಯ ಮೇಲೆ ಎಳೆ ಹೊಸೆಯುತ್ತ.
"ಮೊಗ್ಗಿಗೇ ಹೊಡೆಸ್ತೀನಿ. ಬದುವಿನ ಗುಂಟ
ನಾಲ್ಕು ಸಾಲು ನಿಮಗೆ."
ಎಳೆ ಮುಗಿಯುವವರೆಗೆ ಸುಮ್ಮನಿದ್ದಳು.

"ಆರು," ಅಂದಳು.